ಹದ್ದಿಗಿಂತ ಒದ್ದೆಗೆ ಹೆದರಿ

ಮದುವೆಯಾಗಿ ಪಾಂಡವಪುರದ ಕಡೆಯ ಈ ಹಳ್ಳಿಗೆ ಬಂದ ಎರಡನೆಯ ವರ್ಷ. ಹಸ್ತ ಮಳೆಯ ಕಾಲ. ಹದ್ದಿನ ಭಯಕ್ಕೆ ಹೇಟೆ ಕೋಳಿಯನ್ನೂ ಅದರ ಹದಿಮೂರು ಮರಿಗಳನ್ನೂ ಮಂಕರಿಯ ಕೆಳಗೆ ಮುಚ್ಚಿ, ಮೇಲೊಂದು ಕಲ್ಲು ಹೇರಿ, ಗದ್ದೆಗೆ ಬುತ್ತಿ ಕೊಡಲು ಹೋಗಿದ್ದೆ. ಮಂಕರಿ ಕವುಚಿದ್ದು ಅಂಗಳದ ತಗ್ಗಿನಲ್ಲಿ. ನಾನು ನಾಲೆ ಏರಿಯ ಮೇಲಿರುವಾಗಲೇ ಮಳೆ ಹೊಡೆಯಿತು, ಸೂರಿನ ನೀರೆಲ್ಲ ಆ ತಗ್ಗಿಗೇ ಹರಿಯಿತು. ಓಡಿ ಬಂದು ಮಂಕರಿ ಎತ್ತಿದರೆ ಹೇಟೆ ರೆಕ್ಕೆ ಹರಡಿಕೊಂಡು ಕೆಸರಿನಲ್ಲೇ ಕೂತಿತ್ತು. ಅದರ ಎದೆಗೆ ಅಂಟಿಕೊಂಡಿದ್ದ ನಾಲ್ಕು ಮರಿಗಳಲ್ಲಿ ಮಾತ್ರ ಜೀವವಿತ್ತು. ಒಂಬತ್ತು ಹೋಗಿದ್ದವು. ಹದ್ದು ಬಂದಿದ್ದರೆ ಒಂದನ್ನು ಒಯ್ಯುತ್ತಿತ್ತು, ಹೆಚ್ಚೆಂದರೆ ಎರಡನ್ನು.

ಆ ದಿನದಿಂದ, ಕೋಳಿ ಪಿಳ್ಳೆ ಸಾಕುತ್ತೇನೆ ಎಂದು ಯಾರೇ ಕೇಳಿ ಬಂದರೂ ನಾನು ಮೊದಲು ಹೇಳುವುದು ಒದ್ದೆಯ ಮಾತು. ಈ ವರ್ಷ ಮೈಸೂರಿನ ಬೋಗಾದಿ ಆಚೆ ಮನೆ ಕಟ್ಟಿಕೊಂಡಿರುವ ನನ್ನ ತಂಗಿಯ ಮಗಳು ಗಿರಿರಾಜ ತಳಿಯ ಹತ್ತು ಕೋಳಿಮರಿಗಳನ್ನು ತಂದು, "ದೊಡ್ಡಮ್ಮ, ಹಿತ್ತಲಿನಲ್ಲಿ ಬಿಡಬಹುದಾ?" ಎಂದು ಕೇಳಿದಳು. ಫೋನಿನಲ್ಲಿ ಅವಳಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಕೂಡಿಸಿ ಬರೆಯುತ್ತಿದ್ದೇನೆ.

ಮೊದಲು ಕಾಲ ನೋಡಿಕೊಳ್ಳಿ. ನಮ್ಮ ಮಂಡ್ಯ, ಮೈಸೂರು ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಜೋರು. ಹಸ್ತ, ಚಿತ್ತೆ ಮಳೆಗಳ ನಡುವೆ ಮರಿ ಮಾಡಿಸಿದರೆ ನೀವು ದಿನವಿಡೀ ಆಕಾಶ ನೋಡುತ್ತಲೇ ಇರಬೇಕಾಗುತ್ತದೆ. ಕಡುಬೇಸಿಗೆಯಲ್ಲಿ ಮೊಟ್ಟೆಯೇ ಬೇಗ ಕೆಡುತ್ತದೆ. ಹಾಗಾಗಿ ನಾನು ದೀಪಾವಳಿ ಕಳೆದ ಮೇಲೆ ಹೇಟೆಯನ್ನು ಕಾವಿಗೆ ಕೂರಿಸುತ್ತೇನೆ. ಮೊಟ್ಟೆ ಒಡೆಯಲು 21 ದಿನ. ಮರಿಗಳು ಹೊರಬರುವ ಹೊತ್ತಿಗೆ ನೆಲ ಒಣಗಿರುತ್ತದೆ, ಹಗಲಿನ ಬಿಸಿಲು ಹಿತವಾಗಿರುತ್ತದೆ. ಕಾವಿನ ಪುಟ್ಟಿಗೆ ಹುಲ್ಲಿನ ಕೆಳಗೆ ಒಂದು ಹಿಡಿ ಒಲೆಯ ಬೂದಿ, ನಾಲ್ಕು ಎಸಳು ಒಣಗಿದ ಬೇವಿನ ಸೊಪ್ಪು ಹಾಕಿ. ಕೋಳಿ ಹೇನು ಹತ್ತಿದರೆ ಹೇಟೆ ಮೊಟ್ಟೆ ಬಿಟ್ಟು ಎದ್ದುಬಿಡುತ್ತದೆ. ಮರಿ ಒಡೆಯುವ ದಿನಗಳಲ್ಲಿ ಇರುವೆ ಮುತ್ತದಂತೆ ಪುಟ್ಟಿಯ ಸುತ್ತ ಕಣ್ಣಿಟ್ಟಿರಿ. ಆಗ ತಾನೆ ಹೊರಬಂದ ಹಸಿ ಮರಿಗೆ ಕೆಂಪಿರುವೆ ಸಾಲು ಹತ್ತಿದರೆ ಅದು ಉಳಿಯುವುದು ಕಷ್ಟ.

ಒಡೆದ ದಿನವೇ ಮರಿಗಳಿಗೆ ಏನೂ ತಿನ್ನಿಸಲಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ಮೊಟ್ಟೆಯ ಹಳದಿ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಂಡೇ ಅವು ಹೊರಗೆ ಬರುತ್ತವೆ. ಆ ಶಕ್ತಿ ಎರಡು ದಿನ ಸಾಕು. ಎಲ್ಲ ಮೊಟ್ಟೆ ಒಡೆದು, ಹೇಟೆ ತಾನಾಗಿ ಏಳುವವರೆಗೆ ಎಬ್ಬಿಸಬೇಡಿ.

ತಾಯಿ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಬಿಡುವಾದಾಗ ಮರಿ ಹಾಕಿದ ಹೇಟೆಯನ್ನು ಅರ್ಧ ಗಂಟೆ ಕೂತು ನೋಡಿ. ಕೆದಕುತ್ತ ಕೆದಕುತ್ತ ತಟ್ಟನೆ ನಿಂತು, ತಲೆ ವಾರೆ ಮಾಡಿ, ಒಂದೇ ಕಣ್ಣನ್ನು ಆಕಾಶಕ್ಕೆ ತಿರುಗಿಸುತ್ತದೆ. ನಮ್ಮ ಕಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ. ಗಂಟಲಿನಿಂದ ಕ್ರ್‌ರ್ ಎಂದು ಉದ್ದನೆಯ ಒಂದು ದನಿ ಹೊರಡುತ್ತದೆ. ಅಷ್ಟಕ್ಕೇ ಅಂಗಳದ ತುಂಬ ಚೆಲ್ಲಿಕೊಂಡಿದ್ದ ಮರಿಗಳೆಲ್ಲ ಇದ್ದ ಇದ್ದಲ್ಲೇ ನೆಲಕ್ಕೆ ಅಂಟುತ್ತವೆ, ಇಲ್ಲವೇ ಗಿಡದ ಬುಡಕ್ಕೆ ನುಗ್ಗುತ್ತವೆ. ಆಮೇಲೆ, ಎಷ್ಟೋ ಹೊತ್ತಿಗೆ, ಹದ್ದಿನ ನೆರಳು ಅಂಗಳದ ಮೇಲೆ ಹಾದುಹೋಗುತ್ತದೆ. ಆದ್ದರಿಂದ ಮರಿ ಬಿಡುವ ಜಾಗದಲ್ಲಿ ನುಗ್ಗಲು ಮರೆ ಇರಲೇಬೇಕು. ಗುಡಿಸಿ ಬೋಳು ಮಾಡಿದ ಅಂಗಳ ನಮಗೆ ಚೆಂದ, ಮರಿಗಲ್ಲ. ನಾಲ್ಕು ತೊಗರಿ ಗಿಡ, ಒಂದು ಹರಳು ಗಿಡ, ಅವರೆ ಚಪ್ಪರ, ಏನೂ ಇಲ್ಲದಿದ್ದರೆ ಎರಡು ಇಟ್ಟಿಗೆಯ ಮೇಲೆ ಒಂದು ಹಲಗೆ. ಇಷ್ಟಿದ್ದರೆ ತಾಯಿಯ ಕೂಗು ಸಾರ್ಥಕವಾಗುತ್ತದೆ.

ತಾಯಿ ಇಲ್ಲದ ಮರಿಗಳ ಕಥೆ ಬೇರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜದಂಥ ತಳಿಗಳನ್ನು ಸಾಮಾನ್ಯವಾಗಿ ಒಂದು ದಿನದ ಮರಿಯಾಗಿಯೇ ತರುತ್ತೇವೆ. ಅವಕ್ಕೆ ನೀವೇ ತಾಯಿ. ಮೊದಲ ವಾರ ಅವು ಇರುವಲ್ಲಿ 35 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ನನ್ನ ತಂಗಿಯ ಮಗಳು ರಟ್ಟಿನ ಪೆಟ್ಟಿಗೆಗೆ ಬಲ್ಬ್ ಹಾಕಿದ್ದೇನೆ ಎಂದಳು, ಆದರೂ ರಾತ್ರಿಯಿಡೀ ಮರಿಗಳು ಕೂಗುತ್ತಿದ್ದವಂತೆ. ಯಾವ ಬಲ್ಬ್ ಎಂದು ಕೇಳಿದರೆ ಎಲ್‌ಇಡಿ! ಅದು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಒಳಗೆ ತಂತಿ ಉರಿಯುವ ಹಳೆಯ ಹಳದಿ ಬಲ್ಬೇ ಬೇಕು, ಹತ್ತು ಮರಿಗೆ 60 ವ್ಯಾಟಿನದು ಒಂದು. ಅದನ್ನು ಗಟ್ಟಿಯಾಗಿ ತಂತಿಯಿಂದ ತೂಗುಹಾಕಿ. ಜಾರಿ ಕೆಳಗೆ ಹಾಸಿದ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ.

ಕಾವು ಸರಿಯಿದೆಯೇ ಎನ್ನುವುದನ್ನು ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಗುಂಪುಗಟ್ಟಿದರೆ ಚಳಿಯಾಗುತ್ತಿದೆ, ಬಲ್ಬ್ ಇಳಿಸಿ. ಅಂಚಿಗೆ ಸರಿದು, ಕೊಕ್ಕು ಬಿಚ್ಚಿ ಏದುತ್ತಿದ್ದರೆ ಸೆಖೆ, ಮೇಲೇರಿಸಿ. ಅಲ್ಲಲ್ಲಿ ಹರಡಿಕೊಂಡು, ಸಣ್ಣಗೆ ಚಿಂವ್‌ಗುಟ್ಟುತ್ತ ಮಲಗಿದ್ದರೆ ಎಲ್ಲ ಸರಿಯಾಗಿದೆ. ಕರೆಂಟ್ ಹೋದರೆ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗೆ ತರಬೇಡಿ. ಆ ಹೊಗೆ ಮರಿಗೂ ಕೇಡು, ನಿಮಗೂ ಕೇಡು. ಬಿಸಿನೀರು ತುಂಬಿದ ಬಾಟಲಿಗೆ ಹಳೆಯ ಬಟ್ಟೆ ಸುತ್ತಿ ನಡುವೆ ಇಟ್ಟರೆ ಎರಡು ಗಂಟೆಗೆ ಆಧಾರವಾಗುತ್ತದೆ.

ಅಕ್ಕಪಕ್ಕದಲ್ಲಿ ಯಾರ ಮನೆಯಲ್ಲಾದರೂ ಕಾವಿಗೆ ಕೂತ ನಾಟಿ ಹೇಟೆ ಇದ್ದರೆ ಕೇಳಿ ತನ್ನಿ. ಕತ್ತಲಾದ ಮೇಲೆ, ದೀಪ ಹಾಕದೆ, ಮೊಟ್ಟೆಗಳನ್ನು ಒಂದೊಂದಾಗಿ ತೆಗೆಯುತ್ತ ಆ ಜಾಗಕ್ಕೆ ಎಳೆ ಮರಿಗಳನ್ನು ಸೇರಿಸಿ. ಬೆಳಗ್ಗೆ ಎದ್ದಾಗ ಸಾಮಾನ್ಯವಾಗಿ ಅವನ್ನು ತನ್ನವೇ ಎಂದುಕೊಳ್ಳುತ್ತದೆ. ಹಗಲಿನಲ್ಲಿ ಬಿಟ್ಟರೆ ಕುಕ್ಕಿ ಓಡಿಸುತ್ತದೆ.

ಇನ್ನು ಹೊರಗೆ ಬಿಡುವ ವಿಚಾರ. ತಾಯಿಯಿಲ್ಲದ ಮರಿಗಳನ್ನು ಒಂದು ವಾರ ಕಳೆದ ಮೇಲೆ, ಬಿಸಿಲು ಚೆನ್ನಾಗಿ ಏರಿ ಗಾಳಿಯಿಲ್ಲದ ಹೊತ್ತಿನಲ್ಲಿ ಹದಿನೈದು ನಿಮಿಷ ಹೊರಗೆ ಬಿಟ್ಟು ಒಳಗೆ ತನ್ನಿ. ದಿನದಿನಕ್ಕೆ ಹೊತ್ತು ಹೆಚ್ಚಿಸಿ. ಮೈಮೇಲಿನ ನವಿರು ಕೂದಲು ಹೋಗಿ ನಿಜವಾದ ಪುಕ್ಕ ತುಂಬಲು ಆರು ವಾರ ಬೇಕು. ಅಲ್ಲಿಯವರೆಗೆ ಆ ಕೂದಲು ಹತ್ತಿಯಂತೆ ನೀರು ಕುಡಿಯುತ್ತದೆ. ಮಳೆಯೇ ಬರಬೇಕೆಂದಿಲ್ಲ. ಮಾಗಿಯ ಬೆಳಗ್ಗೆ ಹುಲ್ಲಿನ ಮೇಲಿನ ಇಬ್ಬನಿ ಸಾಕು, ಅರ್ಧ ಗಂಟೆಯಲ್ಲಿ ಹೊಟ್ಟೆಯೆಲ್ಲ ತೊಯ್ದು ತೂಕಡಿಸುತ್ತ ನಿಲ್ಲುತ್ತವೆ. ತಾಯಿಯೊಂದಿಗಿರುವ ಮರಿಗಳನ್ನೂ ನಾನು ಇಬ್ಬನಿ ಆರುವವರೆಗೆ ಬಿಡುವುದಿಲ್ಲ. ಅಂಗೈಯನ್ನು ಹುಲ್ಲಿನ ಮೇಲೆ ಸವರಿ ನೋಡುತ್ತೇನೆ. ಕೈ ಒಣಗಿದ್ದರೆ ಬಾಗಿಲು ತೆಗೆಯುತ್ತೇನೆ.

ಹಾಗೂ ಒಂದು ಮರಿ ತೊಯ್ದು ಸೆಟೆದುಕೊಂಡರೆ ಸತ್ತಿತೆಂದು ಬಿಸಾಡಬೇಡಿ. ಆ ದಿನ ನನ್ನ ಅತ್ತೆ ಉಳಿದ ನಾಲ್ಕನ್ನು ಬದುಕಿಸಿದ ಬಗೆ ಹೀಗೆ. ಮೆತ್ತಗಿನ ಹಳೆಯ ಪಂಚೆಯ ತುಂಡಿನಲ್ಲಿ ಒತ್ತಿ ಒತ್ತಿ ನೀರು ತೆಗೆದರು, ಉಜ್ಜಲಿಲ್ಲ. ಆಮೇಲೆ ತಮ್ಮ ಸೆರಗಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಒಲೆಯಿಂದ ಎರಡು ಮಾರು ದೂರ ಕೂತರು. ಉರಿಯ ಎದುರಿಗೇ ಹಿಡಿಯಲು ಹೋದ ನನ್ನನ್ನು ತಡೆದು, "ಬಿಸಿ ನಿಧಾನಕ್ಕೆ ಹೋಗಬೇಕು ಕಣಮ್ಮ" ಎಂದರು. ಮರಿ ಕತ್ತು ಎತ್ತಿದ ಮೇಲೆ, ಉಗುರುಬೆಚ್ಚಗಿನ ನೀರಿಗೆ ಚೂರು ಬೆಲ್ಲ ಕರಗಿಸಿ, ಕೊಕ್ಕಿನ ತುದಿಯನ್ನಷ್ಟೇ ಅದ್ದಿಸಿದರು. ಗಂಟಲಿಗೆ ಸುರಿಯಬಾರದು, ಅದು ಶ್ವಾಸಕ್ಕೆ ಹೋಗುತ್ತದೆ.

ಹಗಲು ಮುಚ್ಚುವ ಪಂಜರವನ್ನು ದಿಬ್ಬದ ಮೇಲೆ, ಅರ್ಧ ಬಿಸಿಲು ಅರ್ಧ ನೆರಳು ಬೀಳುವಲ್ಲಿ ಇಡಿ. ಪೂರ್ತಿ ಬಿಸಿಲಿನಲ್ಲಿಟ್ಟರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮರಿಗಳು ಬೆಂದೇ ಹೋಗುತ್ತವೆ. ದಿನವೂ ಜಾಗ ಬದಲಿಸಿ. ಒಂದೇ ಕಡೆ ಇಟ್ಟರೆ ಹಿಕ್ಕೆ ಕೂಡಿ ನೆಲ ತೇವವಾಗುತ್ತದೆ, ಆ ತೇವದಲ್ಲಿ ರಕ್ತಭೇದಿಯ ರೋಗಾಣು ಬೆಳೆಯುತ್ತದೆ. ಮೂರರಿಂದ ಆರು ವಾರದ ಮರಿಗಳು ರೆಕ್ಕೆ ಜೋಲು ಬಿಟ್ಟು, ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶು ಆಸ್ಪತ್ರೆಗೆ ಹೋಗಿ ನೀರಿಗೆ ಹಾಕುವ ಔಷಧಿ ತನ್ನಿ. ಗೂಡಿನಲ್ಲಿ ಭತ್ತದ ಹೊಟ್ಟನ್ನು ಎರಡು ಅಂಗುಲ ಹರಡಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉದುರಬೇಕು. ಉಂಡೆ ಕಟ್ಟಿದರೆ ತೆಗೆದುಹಾಕಿ. ನೀರಿನ ತಟ್ಟೆ ಆಳವಿಲ್ಲದ್ದಾಗಿರಲಿ, ಒಳಗೆ ನಾಲ್ಕು ಬೆಣಚುಕಲ್ಲು ಹಾಕಿ. ಎಳೆ ಮರಿ ಒಂದಂಗುಲ ನೀರಿನಲ್ಲೂ ಮುಳುಗಿ ಸಾಯುತ್ತದೆ.

ನೆಲದ ಮೇಲಿನ ಶತ್ರುಗಳು ಬೇರೆ. ಕಬ್ಬಿನ ಗದ್ದೆ ಪಕ್ಕದಲ್ಲಿದ್ದರೆ ಮುಂಗುಸಿ ಹಗಲೇ ಬರುತ್ತದೆ, ಕಬ್ಬು ಕಡಿಯುವ ದಿನಗಳಲ್ಲಿ ಅಡಗುತಾಣ ಹೋಗಿ ಮನೆಯ ಕಡೆಗೇ ತಿರುಗುತ್ತದೆ. ರಾತ್ರಿಯಾದರೆ ಕಾಡುಬೆಕ್ಕು, ನಾಗರಹಾವು, ಎಲ್ಲಕ್ಕಿಂತ ಹೆಚ್ಚಾಗಿ ಹೆಗ್ಗಣ. ಹೆಗ್ಗಣ ಮರಿಗಳನ್ನು ಒಂದೊಂದಾಗಿ ಬಿಲಕ್ಕೆ ಎಳೆದೊಯ್ಯುತ್ತದೆ, ಬೆಳಗ್ಗೆ ರಕ್ತದ ಗುರುತೂ ಇರುವುದಿಲ್ಲ. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಅಗಲ ಕಣ್ಣಿನ ತಂತಿಯೊಳಗೆ ಎಳೆಯ ಇಲಿಯೂ ಹಾವೂ ನುಗ್ಗುತ್ತವೆ, ಮರಿಯೇ ಹೊರಗೆ ತೂರುತ್ತದೆ. ಅರ್ಧ ಅಂಗುಲ ಕಣ್ಣಿನ ಗಟ್ಟಿ ಜಾಲರಿಯನ್ನೇ ಕೇಳಿ ತನ್ನಿ. ಅದನ್ನು ಗೂಡಿನ ಸುತ್ತ ಒಂದಡಿ ಆಳಕ್ಕೆ ಹೂತುಬಿಡಿ, ಅಥವಾ ಕೆಳಗೆ ಕಲ್ಲುಚಪ್ಪಡಿ ಹಾಸಿ. ಸಿಟ್ಟಿನಲ್ಲಿ ವಿಷ ಮಾತ್ರ ಇಡಬೇಡಿ. ಅದನ್ನು ತಿಂದ ಇಲಿಯನ್ನು ನಾಯಿ ತಿನ್ನುತ್ತದೆ, ಗೂಬೆ ತಿನ್ನುತ್ತದೆ. ಮುಂಗುಸಿಯನ್ನು ಕೊಲ್ಲುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ವಿಷ ಎಂದಾಗ ಇನ್ನೊಂದು ನೆನಪಾಯಿತು. ಗದ್ದೆಗೆ ಗುಳಿಗೆ ಔಷಧಿ ಎರಚಿದ ವಾರ ಮರಿಗಳನ್ನು ಬದುವಿನ ಕಡೆ ಬಿಡಲೇಬೇಡಿ. ಆ ಗುಳಿಗೆ ಅವುಗಳ ಕಣ್ಣಿಗೆ ನುಚ್ಚಿನಂತೆಯೇ ಕಾಣುತ್ತದೆ.

ಮೇವಿಗೆ ಮೊದಲ ವಾರಗಳಲ್ಲಿ ಮರಿಗೆಂದೇ ಸಿಗುವ ಸ್ಟಾರ್ಟರ್ ಆಹಾರ ಒಳ್ಳೆಯದು. ಬರೀ ಅಕ್ಕಿ ನುಚ್ಚು, ರಾಗಿ ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ಹಿಡಿಯುವುದಿಲ್ಲ. ನಮ್ಮ ಹಿರಿಯರು ಗೆದ್ದಲು ಹಿಡಿದು ಹಾಕುತ್ತಿದ್ದರು, ನಾನೂ ಹಾಕುತ್ತೇನೆ. ಹಳೆಯ ಮಡಕೆಯೊಳಗೆ ಒಣ ಸಗಣಿ ಚೂರು, ಹುಲ್ಲು ತುಂಬಿ ಸ್ವಲ್ಪ ನೀರು ಚಿಮುಕಿಸಿ, ಸಂಜೆ ಗೆದ್ದಲು ಓಡಾಡುವ ಮಣ್ಣಿನ ಮೇಲೆ ಬೋರಲು ಹಾಕಿ. ಬೆಳಗ್ಗೆ ಮಡಕೆ ಎತ್ತಿ ಅಂಗಳದಲ್ಲಿ ಕೊಡವಿದರೆ ಬಿಳಿಯ ಗೆದ್ದಲು ರಾಶಿಯಾಗಿ ಬೀಳುತ್ತದೆ. ಮರಿಗಳು ಅದಕ್ಕೆ ಮುಗಿಬೀಳುವುದನ್ನು ನೋಡುವುದೇ ಸಂತೋಷ. ಕಾಳು, ಸೊಪ್ಪು ತಿನ್ನಲು ಶುರು ಮಾಡಿದ ಮೇಲೆ ಪಕ್ಕದಲ್ಲಿ ಒಂದು ಹಿಡಿ ದಪ್ಪ ಮರಳಿಡಿ, ಅರಗಿಸಿಕೊಳ್ಳಲು ಬೇಕು.

ಕೊಕ್ಕರೆ ರೋಗದ ಲಸಿಕೆಯನ್ನು ಮರೆಯಬೇಡಿ. ರಾಣಿಖೇತ್ ಎಂದು ವೈದ್ಯರು ಹೇಳುವುದು ಇದನ್ನೇ. ಬಂದಮೇಲೆ ಮದ್ದಿಲ್ಲ, ಓಣಿಯ ಕೋಳಿಗಳನ್ನೆಲ್ಲ ಒಂದೇ ವಾರದಲ್ಲಿ ಗುಡಿಸಿಹಾಕುತ್ತದೆ. ಐದರಿಂದ ಏಳು ದಿನದ ಮರಿಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ಮುಂದಿನ ಹನಿ, ಎಂಟನೆಯ ವಾರದ ಚುಚ್ಚುಮದ್ದು, ಸಿಡುಬಿನ ಲಸಿಕೆಗಳ ದಿನಗಳನ್ನು ಪಶುವೈದ್ಯರಿಂದ ಬರೆಸಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ಸೀಸೆಯಲ್ಲಿ ನೂರಾರು ಮರಿಗಾಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ನಾವು ಐದಾರು ಮನೆಯವರು ಒಟ್ಟಾಗಿ ಒಂದೇ ದಿನ ಹಾಕಿಸುತ್ತೇವೆ. ತರುವಾಗ ಫ್ಲಾಸ್ಕಿನಲ್ಲಿ ಐಸ್ ಇರಲಿ. ಸೆರಗಿನ ಗಂಟಿನಲ್ಲಿ ತಂದ ಲಸಿಕೆ ಬರೀ ನೀರಿನ ಸಮ. ಮರಿ ಮುಟ್ಟಿದ ಮಕ್ಕಳಿಗೆ ಸೋಪಿನಿಂದ ಕೈ ತೊಳೆಸಿ, ಕೆನ್ನೆಗೆ ಒತ್ತಿಕೊಂಡು ಮುದ್ದಿಸಲು ಬಿಡಬೇಡಿ.

ಸಂಜೆ ಎಣಿಸುವುದನ್ನು ಎಷ್ಟೇ ಕೆಲಸವಿದ್ದರೂ ಬಿಡಬೇಡಿ. ದೀಪ ಹಚ್ಚುವ ಹೊತ್ತಿಗೆ ಮುಂಚೆಯೇ ನುಚ್ಚಿನ ತಟ್ಟೆ ಬಡಿದು ಕರೆಯುವ ಅಭ್ಯಾಸ ಮಾಡಿಸಿದರೆ ಹತ್ತೇ ದಿನದಲ್ಲಿ ಸದ್ದಿಗೆ ಓಡಿ ಬರುತ್ತವೆ. ಒಂದು ಕಡಿಮೆಯಿದ್ದರೆ ಬೆಳಕಿರುವಾಗಲೇ ಹುಡುಕಬಹುದು. ಒಂಟಿಯಾದ ಮರಿ ಜೋರಾಗಿ ಕೂಗುತ್ತದೆ, ಕತ್ತಲಾಯಿತೆಂದರೆ ಬಾಯಿ ಮುಚ್ಚುತ್ತದೆ.

ಎರಡು ತಿಂಗಳು ತುಂಬುವ ಹೊತ್ತಿಗೆ ಹೇಟೆಯೇ ಮರಿಗಳನ್ನು ಕುಕ್ಕಿ ದೂರ ಮಾಡುತ್ತದೆ. ಆ ಮೊದಲ ರಾತ್ರಿ ಅವು ಗೂಡಿನ ಬಾಗಿಲಲ್ಲಿ ಗುಂಪಾಗಿ ನಿಂತುಬಿಡುತ್ತವೆ, ಒಳಗೂ ಹೋಗುವುದಿಲ್ಲ, ಹೊರಗೂ ಹೋಗುವುದಿಲ್ಲ. ಗೂಡಿನೊಳಗೆ ಮೊಣಕಾಲೆತ್ತರಕ್ಕೆ ಒಂದು ಬಿದಿರಿನ ಕೋಲು ಅಡ್ಡ ಕಟ್ಟಿ, ಒಂದೊಂದನ್ನೇ ಎತ್ತಿ ಅದರ ಮೇಲೆ ಕೂರಿಸಿ. ಮೂರು ರಾತ್ರಿ ಹಾಗೆ ಮಾಡಬೇಕಾಗುತ್ತದೆ. ನಾಲ್ಕನೆಯ ಸಂಜೆ ನೀವು ಹೋಗುವ ಮೊದಲೇ ಅವು ಸಾಲಾಗಿ ಹತ್ತಿ ಕೂತಿರುತ್ತವೆ.