ನಿಲ್ಲುವುದು ಮೊದಲು, ಎಸೆಯುವುದು ಆಮೇಲೆ: ರಾಯಚೂರಿನಲ್ಲಿ ನೆಟ್‌ಬಾಲ್ ಕಲಿಸುವ ನನ್ನ ಅನುಭವ

ನೆಟ್‌ಬಾಲ್ ಆಡಿ ಬಂದವರು ಕೋಚ್ ಆದರೆ ಮೊದಲ ದಿನವೇ ಪಾಸಿಂಗ್ ಹಿಡಿಯುತ್ತಾರೆ. ನಾನು ಮೊದಲು ಕಲಿಸುವುದು ನಿಲ್ಲುವುದನ್ನು. ಏಳೇಳು ಜನ ಆಡಿ ಕಂಬದ ರಿಂಗಿಗೆ ಚೆಂಡು ಹಾಕುವ ಈ ಆಟದಲ್ಲಿ ಚೆಂಡು ಪುಟಿಸಿಕೊಂಡು ಓಡುವಂತಿಲ್ಲ. ಹಿಡಿದಲ್ಲಿ ನಿಲ್ಲಬೇಕು, 3 ಸೆಕೆಂಡಿನೊಳಗೆ ಬಿಡಬೇಕು. ಆಡುತ್ತಿದ್ದಾಗ ಇದೆಲ್ಲ ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಕಲಿಸುವಾಗ ಬಿಡಿಸಿ ಹೇಳಬೇಕು: ಮೊದಲು ನೆಲಕ್ಕೆ ತಾಗಿದ ಪಾದ ಲ್ಯಾಂಡಿಂಗ್ ಫುಟ್. ಇನ್ನೊಂದು ಕಾಲನ್ನು ಯಾವ ಕಡೆಗಾದರೂ ಇಡಬಹುದು, ಲ್ಯಾಂಡಿಂಗ್ ಫುಟ್ ಮೇಲೆ ತಿರುಗಬಹುದು. ಲ್ಯಾಂಡಿಂಗ್ ಫುಟ್ ಎತ್ತಿದರೂ ತಪ್ಪಲ್ಲ, ಆದರೆ ಅದು ಮತ್ತೆ ನೆಲ ಮುಟ್ಟುವ ಮೊದಲೇ ಚೆಂಡು ಕೈ ಬಿಟ್ಟಿರಬೇಕು.

ನಮ್ಮ ಕಡೆ ಹುಡುಗಿಯರು ಬರುವುದು ಖೋ ಖೋ, ಕಬಡ್ಡಿಯಿಂದ. ಖೋ ಖೋದವರು ಬಗ್ಗಿ ತಿರುಗುವುದರಲ್ಲಿ ಚುರುಕು, ಆದರೆ ಚೆಂಡು ಸಿಕ್ಕ ಮೇಲೂ ಎರಡು ಸಣ್ಣ ಹೆಜ್ಜೆ ಹಾಕುತ್ತಾರೆ. ಸೀಟಿ ಊದಿದರೆ “ಯಾಕ್ರಿ ಮೇಡಂ, ನಿಂತೇನಲ್ರಿ” ಅನ್ನುತ್ತಾರೆ. ಅವರಿಗೆ ನಿಜವಾಗಿಯೂ ಗೊತ್ತಾಗಿರುವುದಿಲ್ಲ; ಮೊಬೈಲಿನಲ್ಲಿ ಸ್ಲೋ ಮೋಷನ್ ತೋರಿಸಿದರೆ ವಾದ ಮುಗಿಯುತ್ತದೆ. ಕಬಡ್ಡಿಯವರ ಕೈ ಎದುರಾಳಿಯ ಮೈಮೇಲೆ ಹೋಗುತ್ತದೆ. ಅವರಿಗೆ ಮೂರು ಅಡಿಯ ಬಿದಿರು ಕೋಲು ಕೊಡುತ್ತೇನೆ. ಚೆಂಡು ಹಿಡಿದವಳ ಲ್ಯಾಂಡಿಂಗ್ ಫುಟ್‌ನಿಂದ ತಡೆಯುವವಳ ಹತ್ತಿರದ ಪಾದಕ್ಕೆ 0.9 ಮೀಟರ್ ಇರಬೇಕು. ಕೋಲನ್ನು ನೆಲದ ಮೇಲಿಟ್ಟು ಅದರ ಆಚೆ ನಿಂತು ಕೈ ಚಾಚುವುದು, ಅಷ್ಟೇ. ಹತ್ತು ದಿನದಲ್ಲಿ ಕೋಲಿಲ್ಲದೆಯೂ ದೂರ ತಿಳಿಯುತ್ತದೆ. ಗೋಲ್ ತಡೆಯುವ ಇಬ್ಬರು, ಅಂದರೆ ಒಳ್ಳೆಯ ಗೋಲ್ ಡಿಫೆನ್ಸ್, ಗೋಲ್ ಕೀಪರ್ ನನಗೆ ಸಿಕ್ಕಿದ್ದು ಹೆಚ್ಚಾಗಿ ಇವರಲ್ಲೇ. ಬ್ಯಾಸ್ಕೆಟ್‌ಬಾಲ್ ಆಡಿದವರನ್ನು ತಿದ್ದುವುದು ಇವರಿಬ್ಬರಿಗಿಂತ ಕಷ್ಟ.

ನೆಲದ ವಿಷಯಕ್ಕೆ ಬರೋಣ. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಪಾದ ಸಿಕ್ಕಿಕೊಂಡು ಕಣಕಾಲು ಉಳುಕುತ್ತದೆ. ಮಳೆ ಬಿದ್ದರೆ ಬೂಟಿಗೆ ಸೇರು ಮಣ್ಣು. ಮೇಲೆ ನಾಲ್ಕು ಇಂಚು ಮುರುಮ್ (ಗರಸು ಮಣ್ಣು) ಹಾಕಿಸಿ, ನೀರು ಹೊಡೆದು, ರೋಲರ್ ಎಳೆಸಬೇಕು. ಸಡಿಲ ಹರಳು ಉಳಿದರೆ ಅದು ಬಿರುಕಿಗಿಂತ ಅಪಾಯ, ಇಳಿದ ಕಾಲು ಜಾರಿ ಮೊಣಕಾಲು ತಿರುಚುತ್ತದೆ. ಹಾಗಾಗಿ ಪ್ರತಿ ಪ್ರಾಕ್ಟೀಸಿಗೆ ಮೊದಲು ಕಂಬದ ಮುಂದಿನ ಎರಡು ಅರ್ಧವೃತ್ತ, ಅಂದರೆ ಗೋಲ್ ಸರ್ಕಲ್‌ಗಳನ್ನಾದರೂ ಕಸಬರಿಗೆಯಿಂದ ಗುಡಿಸಬೇಕು. ಅಂಕಣ 30.5 ಮೀ. ಉದ್ದ, 15.25 ಮೀ. ಅಗಲ. ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದರೆ ಎರಡೂ ಕರ್ಣ 34.10 ಮೀ. ಬರಬೇಕು, ಬರದಿದ್ದರೆ ಅಂಕಣ ಸೊಟ್ಟ. ಉದ್ದವನ್ನು ಮೂರು ಸಮ ಪಾಲು ಮಾಡಿ. ಗೋಲ್ ಲೈನಿನ ನಡುವೆ ಮೊಳೆ ಹೊಡೆದು 4.9 ಮೀ. ಹಗ್ಗ ಸುತ್ತಿದರೆ ಅರ್ಧವೃತ್ತ ಸಿಗುತ್ತದೆ.

ಕಂಬದಲ್ಲೇ ಹೆಚ್ಚು ಎಡವಟ್ಟು. ಎತ್ತರ 3.05 ಮೀ., ಅಂದರೆ 10 ಅಡಿ. ಪೈಪ್ ಬರುವುದು 20 ಅಡಿಯದು. ವೆಲ್ಡಿಂಗ್ ಅಂಗಡಿಯವರು ಸರಿಯಾಗಿ ಅರ್ಧಕ್ಕೆ ಕತ್ತರಿಸಿ ಕೊಡುತ್ತಾರೆ. ಅದನ್ನು ಒಂದೂವರೆ ಅಡಿ ಹೂತರೆ ರಿಂಗ್ ಎಂಟೂವರೆ ಅಡಿಗೆ ನಿಲ್ಲುತ್ತದೆ! ಅದರಲ್ಲಿ ಕಲಿತವಳು ಹೊರಗಿನ ಟೂರ್ನಮೆಂಟಿಗೆ ಹೋದರೆ ಒಂದು ಶಾಟೂ ಮುಟ್ಟುವುದಿಲ್ಲ. ಎರಡು ಪೈಪ್ ತರಿಸಿ, ಒಂದೊಂದರಲ್ಲಿ 12 ಅಡಿ ಕತ್ತರಿಸಿ, 2 ಅಡಿ ಕಾಂಕ್ರೀಟಿನಲ್ಲಿ ಇಳಿಸಿ. ಎರಡೂವರೆ ಇಂಚಿನ ಜಿಐ ಪೈಪ್ ಸಾಕು. ರಿಂಗಿನ ಒಳ ವ್ಯಾಸ 380 ಮಿ.ಮೀ. 15 ಮಿ.ಮೀ. ಸರಳಾದರೆ ಬಗ್ಗಿಸಲು ಸುಮಾರು 1.24 ಮೀ. ಬೇಕು. ‘380’ ಎಂದಷ್ಟೇ ಚೀಟಿ ಬರೆದುಕೊಟ್ಟರೆ ಹೊರ ಅಳತೆಗೆ ಮಾಡಿಬಿಡುತ್ತಾರೆ, ಒಳಗೆ 350 ಉಳಿಯುತ್ತದೆ. ಕಂಬಕ್ಕೂ ರಿಂಗಿಗೂ ನಡುವೆ 150 ಮಿ.ಮೀ. ಅಂತರ. ಬ್ಯಾಸ್ಕೆಟ್‌ಬಾಲಿನಂತೆ ರಿಂಗಿನ ಹಿಂದೆ ಹಲಗೆ ಇರುವುದಿಲ್ಲ. ಅದನ್ನೂ ಸೇರಿಸಿ ಕೊಟ್ಟ ಅಂಗಡಿಯುಂಟು.

ಲ್ಯಾಂಡಿಂಗ್ ಅಭ್ಯಾಸಕ್ಕೆ ಶಾಲೆಯ ಮೆಟ್ಟಿಲು ಸಾಕು. ಸುಮಾರು 20 ಸೆಂ.ಮೀ. ಎತ್ತರದಿಂದ ಎರಡೂ ಕಾಲಿಗೆ ಇಳಿದು 3 ಸೆಕೆಂಡು ಅಲುಗಾಡದೆ ನಿಲ್ಲುವುದು, 8 ಸಲ, ಎರಡು ಸುತ್ತು. ನಾನು ಎದುರು ಕುಳಿತು ಮೊಣಕಾಲು ಮಾತ್ರ ನೋಡುತ್ತೇನೆ: ಚಿಪ್ಪು ಪಾದದ ಬೆರಳಿನ ನೇರಕ್ಕೆ ಇರಬೇಕು. ಒಳಕ್ಕೆ ವಾಲಿದರೆ ಅಲ್ಲಿಗೇ ನಿಲ್ಲಿಸಿ ತಿದ್ದಬೇಕು, ಈ ಆಟದಲ್ಲಿ ಎಸಿಎಲ್ (ಮೊಣಕಾಲಿನೊಳಗಿನ ಅಸ್ಥಿರಜ್ಜು) ಹರಿಯುವುದು ಹೆಚ್ಚಾಗಿ ಹಾಗೆ ಇಳಿದಾಗಲೇ. ಇಳಿದಾಗ ‘ಧಪ್’ ಸದ್ದು ಬಂದರೆ ಮಂಡಿ ಬಗ್ಗಿಲ್ಲ ಎಂದೇ ಲೆಕ್ಕ. ಎರಡು ವಾರದ ನಂತರ ಒಂಟಿ ಕಾಲು, ಆಮೇಲೆ ಓಡಿ ಬಂದು ಹಾರಿ ಹಿಡಿಯುವುದು. ಕಾಂಕ್ರೀಟ್ ಅಂಕಣವಾದರೆ ಇದರ ಅರ್ಧ ಸಾಕು.

ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಆರಕ್ಕೆ ಶುರು, ಏಳೂವರೆಗೆ ಬಿಡುಗಡೆ. ಚೆಂಡಿಗೆ 11 ಪಿಎಸ್ಐ (ಒತ್ತಡದ ಅಳತೆ) ಗಾಳಿ; ಬೆಳಗಿನ ತಂಪಿನಲ್ಲಿ ತುಂಬಿದ್ದು ಮಧ್ಯಾಹ್ನ ಒಂದೂವರೆ ಪಿಎಸ್ಐನಷ್ಟು ಏರಿ ಕೈಗೆ ಕಲ್ಲಾಗುತ್ತದೆ. ಮ್ಯಾಚ್ ಸಂಜೆಯಿದ್ದರೆ ಸಂಜೆಯೇ ಗೇಜ್ ಹಿಡಿದು ನೋಡಬೇಕು.

ರಿಂಗಿಗೆ ಎಸೆಯುವ ಹಕ್ಕು ಗೋಲ್ ಶೂಟರ್, ಗೋಲ್ ಅಟ್ಯಾಕ್ ಎಂಬ ಇಬ್ಬರಿಗೇ. ಚೆಂಡು ಎದೆಯ ಮುಂದೆ ಇದ್ದರೆ ಎದುರಿನ ಕೈ ತಟ್ಟಿಬಿಡುತ್ತದೆ, ಅದು ನೆತ್ತಿಯ ಮೇಲಿರಲಿ. ಮಂಡಿ ತುಸು ಬಗ್ಗಿ ಏಳುವ ವೇಗದಲ್ಲೇ ಮಣಿಕಟ್ಟಿನಿಂದ ಚೆಂಡು ಬಿಡಬೇಕು. ಹಲಗೆ ಇಲ್ಲದ್ದರಿಂದ ಚಪ್ಪಟೆಯಾಗಿ ಬಂದ ಚೆಂಡನ್ನು ರಿಂಗ್ ಉಗುಳುತ್ತದೆ, ಎತ್ತರದಿಂದ ಬೀಳಬೇಕು. ಒಂದು ಮೀಟರಿನಿಂದ 50ರಲ್ಲಿ 40 ಬಿದ್ದರೆ ಮಾತ್ರ ಒಂದು ಹೆಜ್ಜೆ ಹಿಂದೆ.

ಆಡಿದವರಿಗೆ ಬಿಡಲು ಕಷ್ಟವಾದ ಚಾಳಿ ಒಂದಿದೆ: ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಕೋಚ್ ನೋಡಬೇಕಾದದ್ದು ಉಳಿದ ಆರು ಜನರನ್ನು. ಇದಕ್ಕೆ ನಾನು ನೋಟ್‌ಬುಕ್ಕಿನಲ್ಲಿ ಸೆಂಟರ್ ಪಾಸ್ (ಅಂಕಣದ ನಡುವಿನಿಂದ ಆಟ ಶುರು ಮಾಡುವ ಎಸೆತ) ಮಾತ್ರ ಬರೆಯುತ್ತೇನೆ: ಹಿಡಿದವಳು ಯಾರು, ಗೋಲ್ ಸರ್ಕಲ್ ಮುಟ್ಟಿತೋ, ಗೋಲಾಯಿತೋ. 15 ನಿಮಿಷದ ಒಂದು ಕ್ವಾರ್ಟರ್ ಮುಗಿದಾಗ ಹಾಳೆ ತಾನೇ ಹೇಳುತ್ತದೆ. ಒಂದೇ ಹುಡುಗಿಯ ಹೆಸರು ಸಾಲು ಸಾಲಾಗಿ ಬಂದಿದ್ದರೆ ಎದುರಿನವರೂ ಅದನ್ನು ಓದಿಯಾಗಿರುತ್ತದೆ. ಮುಂದಿನ ಪಾಸಿಗೆ ವಿಂಗ್ ಡಿಫೆನ್ಸ್‌ಗೆ ಹಿಂದಿನಿಂದ ಬಂದು ಹಿಡಿಯಲು ಹೇಳಿ, ವಿಂಗ್ ಅಟ್ಯಾಕ್ ಸುಮ್ಮನೆ ಬೇರೆ ಕಡೆ ಓಡಿ ಎದುರಾಳಿ ಒಬ್ಬಳನ್ನು ಎಳೆದುಕೊಂಡು ಹೋಗಲಿ.