ವಲಸೆ ಹೋದ ಏಷ್ಯಾ ಮೂಲದವರ ಕಾದಂಬರಿ ಹುಡುಕುವುದು ಹೇಗೆ?

ಚೀನಾ, ಕೊರಿಯಾ ಮೂಲದ, ಬೇರೆ ದೇಶದಲ್ಲಿ ನೆಲೆಸಿದ ಲೇಖಕರನ್ನು ಓದುವ ಆಸೆಯಿದ್ದರೆ, ಪ್ರಶಸ್ತಿಗಳ ಕಿರುಪಟ್ಟಿಯಿಂದ ಶುರು ಮಾಡಿ. ಗೆದ್ದ ಪುಸ್ತಕ ಹೇಗೂ ಕಣ್ಣಿಗೆ ಬೀಳುತ್ತದೆ. ಉಳಿದವು ಸುಮ್ನೆ ಮರೆತುಹೋಗುತ್ತವೆ, ಅಲ್ವಾ? 2016ರ ಬೂಕರ್ ಕಿರುಪಟ್ಟಿಯಲ್ಲಿದ್ದ ‘ಡು ನಾಟ್ ಸೇ ವಿ ಹ್ಯಾವ್ ನಥಿಂಗ್’ ನನಗೆ ಸಿಕ್ಕಿದ್ದು ಹಾಗೆಯೇ. ಬರೆದವರು ಕೆನಡಾದ ಮೆಡಲೀನ್ ಥಿಯೆನ್. ಮಾವೋ ಕಾಲದ ಚೀನಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ನಲುಗಿದ ಸಂಗೀತಗಾರರ ಕಥೆ. 1989ರಲ್ಲಿ ಬೀಜಿಂಗ್‌ನ ತಿಯಾನನ್ಮೆನ್ ಚೌಕದಲ್ಲಿ ನಡೆದ ಪ್ರತಿಭಟನೆಯ ದಿನಗಳೂ ಬರುತ್ತವೆ. ಮುಗಿಸಿದ ಮೇಲೂ ಬಹಳ ದಿನ ಕಾಡಿತು. ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ 2017ರ ಪಟ್ಟಿಯಲ್ಲಿ ಮಿನ್ ಜಿನ್ ಲೀ ಅವರ ‘ಪಚಿಂಕೊ’ ಇದೆ. ಜಪಾನಿನಲ್ಲಿ ಬದುಕುವ ಕೊರಿಯನ್ ಕುಟುಂಬದ ಕಥೆ.

ಪುಸ್ತಕದ ಕೊನೆಯ ಕೃತಜ್ಞತೆಯ ಪುಟವನ್ನೂ ಬಿಡಬೇಡಿ. ಅಲ್ಲಿ ಬೇರೆ ಲೇಖಕರ ಹೆಸರು ಕಂಡರೆ ಬರೆದಿಟ್ಟುಕೊಳ್ಳಿ.