ಮೊದಲು ಸಮುದ್ರ, ಆಮೇಲೆ ಸೂಜಿ: ಬುಸಾನ್ ಪ್ರವಾಸ ಹಾಕಿಕೊಳ್ಳುವುದು ಹೇಗೆ?

ಕೊರಿಯಾ ಅಂದ ತಕ್ಷಣ ಎಲ್ಲರ ಬಾಯಿಗೂ ಬರುವುದು ಸೋಲ್. ಆದರೆ ಚರ್ಮದ ಚಿಕಿತ್ಸೆ, ಸುತ್ತಾಟ, ಊಟ ಮೂರೂ ಒಂದೇ ಪ್ರವಾಸದಲ್ಲಿ ಆಗಬೇಕು, ಓಡಾಟ ಮಾತ್ರ ಕಡಿಮೆ ಇರಬೇಕು ಅನ್ನುವವರಿಗೆ ನಾನು ಹೇಳುವುದು ಸಮುದ್ರ ತೀರದ ಊರು ಬುಸಾನ್. ಸೋಲ್‌ನಿಂದ ಕೆಟಿಎಕ್ಸ್ ಅನ್ನುವ ವೇಗದ ರೈಲು ಹತ್ತಿದರೆ ಸುಮಾರು ಎರಡೂವರೆ ಗಂಟೆ. ಬೆಟ್ಟ, ಬೀಚು, ಮೀನು ಮಾರ್ಕೆಟ್, ಸಾಲು ಸಾಲು ಕ್ಲಿನಿಕ್, ಹೆಚ್ಚಿನವು ಮೆಟ್ರೋದಲ್ಲೇ ಸಿಗುತ್ತವೆ.

ಪ್ಲಾನ್ ಕೆಡುವುದು ಜಾಗಗಳ ಆಯ್ಕೆಯಲ್ಲಲ್ಲ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದರಲ್ಲಿ. ಇಳಿದ ಮರುದಿನ ಲೇಸರ್, ಅದರ ಮರುದಿನ ಬೀಚು ಅಂತ ಇಟ್ಟುಕೊಂಡರೆ ದುಡ್ಡು ಕೊಟ್ಟು ಮುಖ ಕೆಡಿಸಿಕೊಂಡ ಹಾಗೆ.

1. ಮನೆಯಲ್ಲೇ ಮುಗಿಸಬೇಕಾದದ್ದು

ನಮ್ಮ ಪಾಸ್‌ಪೋರ್ಟಿಗೆ ಮೊದಲೇ ವೀಸಾ ಬೇಕು. ಚಿಕಿತ್ಸೆಗೆಂದೇ ಹೋಗುವವರಿಗೆ ಸಿ-3-3 ಅನ್ನುವ ವೀಸಾ ಇದೆ. ವಿದೇಶಿ ರೋಗಿಗಳನ್ನು ಬರಮಾಡಿಕೊಳ್ಳಲು ಅಲ್ಲಿನ ಕ್ಲಿನಿಕ್‌ಗಳು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅದನ್ನು ಕೇಳಿ ತಿಳಿದುಕೊಂಡು, ಖರ್ಚಿನ ಅಂದಾಜನ್ನು ಬರಹದಲ್ಲೇ ತರಿಸಿಕೊಳ್ಳಿ.

ಫೋನಿಗೆ ನೇವರ್ ಮ್ಯಾಪ್ ಹಾಕಿಕೊಳ್ಳಿ. ಅಲ್ಲಿ ನಡೆದು ಹೋಗುವ ದಾರಿ ತೋರಿಸುವುದರಲ್ಲಿ ಗೂಗಲ್ ಮ್ಯಾಪ್ ಅಷ್ಟಕ್ಕಷ್ಟೆ.

2. ಮೊದಲ ದಿನ: ಬರೀ ಮಾತುಕತೆ

ಮೆಟ್ರೋದ 1 ಮತ್ತು 2ನೇ ಲೈನ್ ಸೇರುವ ಜಾಗ ಸೊಮ್ಯೊನ್. ನಮ್ಮ ಮೆಜೆಸ್ಟಿಕ್ ಇದ್ದ ಹಾಗೆ, ಸದಾ ಗಿಜಿಗಿಜಿ. ಇಲ್ಲಿ 'ಮೆಡಿಕಲ್ ಸ್ಟ್ರೀಟ್' ಅಂತಲೇ ಕರೆಯುವ ಬೀದಿಗಳಿವೆ. ಒಂದೊಂದು ಕಟ್ಟಡದಲ್ಲೂ ಕಣ್ಣು, ಹಲ್ಲು, ಚರ್ಮ, ಪ್ಲಾಸ್ಟಿಕ್ ಸರ್ಜರಿ ಅಂತ ಮಹಡಿ ಮಹಡಿಗೂ ಬೋರ್ಡು.

ಆ ಬೋರ್ಡಿನಲ್ಲೇ ಒಂದು ಗುಟ್ಟಿದೆ. ಕೊರಿಯನ್ ಭಾಷೆಯಲ್ಲಿ ಚರ್ಮ ವಿಭಾಗಕ್ಕೆ 'ಪಿಬುಗ್ವಾ' ಅನ್ನುತ್ತಾರೆ. ಕ್ಲಿನಿಕ್ಕಿನ ಹೆಸರಿಗೇ ಅಂಟಿಕೊಂಡು 'ಪಿಬುಗ್ವಾ ಉಯ್‌ವೊನ್' (ಉಯ್‌ವೊನ್ ಅಂದರೆ ಕ್ಲಿನಿಕ್) ಅಂತ ಇದ್ದರೆ ಅದು ಚರ್ಮ ತಜ್ಞರದ್ದು. ಹೆಸರು ಬರೀ 'ಉಯ್‌ವೊನ್' ಅಂತ ಮುಗಿದು, ಪಕ್ಕದಲ್ಲಿ 'ಜಿಲ್ಲ್ಯೊಗ್ವಾಮೊಕ್', ಅಂದರೆ ಚಿಕಿತ್ಸೆ ಕೊಡುವ ವಿಭಾಗಗಳು, ಅಂತ ಬರೆದು ಆಮೇಲೆ 'ಪಿಬುಗ್ವಾ' ಬಂದರೆ, ಅವರು ಚರ್ಮದ ಚಿಕಿತ್ಸೆ ಕೊಡುತ್ತಾರೆ, ಆದರೆ ಸಾಮಾನ್ಯವಾಗಿ ಆ ವಿಷಯದ ತಜ್ಞರಲ್ಲ. ಎರಡೂ ಕಾನೂನುಬದ್ಧವೇ. ಗೊತ್ತಿದ್ದು ಹೋಗುವುದು ಬೇರೆ, ಗೊತ್ತಿಲ್ಲದೆ ಹೋಗುವುದು ಬೇರೆ ಅಲ್ವಾ? ಫೋನಿನ ಅನುವಾದ ಆ್ಯಪ್ ಬೋರ್ಡಿಗೆ ಹಿಡಿದರೆ ಸಾಕು.

ಒಳಗೆ ಡಾಕ್ಟರು ಕೆಲವೇ ನಿಮಿಷ ನೋಡುತ್ತಾರೆ. ಆಮೇಲೆ 'ಸಿಲ್‌ಜಾಂಗ್' ಅನ್ನುವ ಮ್ಯಾನೇಜರ್ ನಿಮ್ಮನ್ನು ಸಣ್ಣ ಕೋಣೆಗೆ ಕರೆದು ರೇಟು ಮಾತಾಡುತ್ತಾರೆ. ಮಚ್ಚೆ ತೆಗೆಸಲು ಹೋದ ನನಗೆ ಒಂದು ಕಡೆ ದವಡೆ, ಹಣೆ, ಕತ್ತು ಎಲ್ಲ ಸೇರಿಸಿ ಪ್ಯಾಕೇಜ್ ತೋರಿಸಿ, 'ಈ ರಿಯಾಯಿತಿ ಇವತ್ತು ಮಾತ್ರ' ಅಂದರು. ಯೋಚನೆ ಮಾಡಿ ನಾಳೆ ಹೇಳುತ್ತೇನೆ ಅಂತ ಎದ್ದು ಬಂದೆ. ಮರುದಿನವೂ ಅದೇ ರೇಟು ಇತ್ತು.

ಕೇಳಲೇಬೇಕಾದ ಪ್ರಶ್ನೆಗಳು ಮೂರು. ನಮ್ಮಂಥ ಕಂದು ಚರ್ಮಕ್ಕೆ ಈ ಲೇಸರ್ ಎಷ್ಟು ಸಲ ಮಾಡಿದ್ದೀರಿ? ನಮ್ಮ ಬಣ್ಣಕ್ಕೆ ಲೇಸರ್‌ನ ಶಕ್ತಿ ಸ್ವಲ್ಪ ಜಾಸ್ತಿಯಾದರೂ ಕಪ್ಪು ಕಲೆ ಉಳಿಯಬಹುದು. ಹಾಗಾಗಿ ಕಿವಿಯ ಹಿಂದೆಯೋ ದವಡೆಯ ಕೆಳಗೋ ಮೊದಲು ಒಂದು ಚುಕ್ಕೆ ಪರೀಕ್ಷೆ ಮಾಡಿ ಅನ್ನಿ. ಎರಡನೆಯದು, ಮಾಡುವವರು ಯಾರು, ಈಗ ಮಾತಾಡಿದ ಡಾಕ್ಟರೇನಾ? ಮೂರನೆಯದು ಪ್ರಜ್ಞೆ ತಪ್ಪಿಸಿ ಮಾಡುವ ಸರ್ಜರಿಯವರಿಗೆ: ಕ್ಯಾಮೆರಾ ಹಾಕುತ್ತೀರಾ? ಒಬ್ಬ ಡಾಕ್ಟರನ್ನು ತೋರಿಸಿ ಇನ್ನೊಬ್ಬರಿಂದ ಕೊಯ್ಯಿಸಿದ ಪ್ರಕರಣಗಳಿಂದ ಗಲಾಟೆಯಾಗಿ, 2023ರ ಸೆಪ್ಟೆಂಬರ್‌ನಿಂದ ಅಂಥ ಆಪರೇಷನ್ ಕೋಣೆಗಳಲ್ಲಿ ಸಿಸಿಟಿವಿ ಕಡ್ಡಾಯವಾಗಿದೆ. ರೋಗಿ ಕೇಳಿದರೆ ರೆಕಾರ್ಡ್ ಮಾಡಬೇಕು. (ಅಲ್ಲಿ ಹೆಚ್ಚು ನಡೆಯುವ ಸರ್ಜರಿಗಳಲ್ಲಿ ಕಣ್ಣಿನ ರೆಪ್ಪೆಗೆ ಮಡಿಕೆ ಹಾಕುವುದೂ ಒಂದು. ಅದು ನಮ್ಮವರಲ್ಲಿ ಹೆಚ್ಚಿನವರಿಗೆ ಹುಟ್ಟಿನಿಂದಲೇ ಇದೆ ಬಿಡಿ.)

ಊರಲ್ಲಿ ಹಚ್ಚುತ್ತಿದ್ದ ಕ್ರೀಮುಗಳನ್ನೆಲ್ಲ ಹೇಳಿ. ಬೆಳ್ಳಗಾಗಲೆಂದು ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೊಂಡ ಟ್ಯೂಬಿನಲ್ಲಿ ಸ್ಟೆರಾಯ್ಡ್ ಇದ್ದರೆ ಅದೂ ಡಾಕ್ಟರಿಗೆ ಗೊತ್ತಾಗಬೇಕು.

3. ಎರಡರಿಂದ ನಾಲ್ಕನೇ ದಿನ: ಸುತ್ತಿ, ತಿನ್ನಿ

ಬಿಸಿಲಿಗೆ ಕಪ್ಪಾದ ಮುಖಕ್ಕೆ ಲೇಸರ್ ಹಾಕಬಾರದು. ಅದಕ್ಕೇ ಸಮುದ್ರಕ್ಕೆ ಹೊತ್ತು ನೋಡಿ ಹೋಗಿ. ಹೇದೊಂಗ್ ಯೊಂಗುಂಗ್‌ಸಾ ದೇವಾಲಯಕ್ಕೆ ಬೆಳಗ್ಗೆ ಬೇಗ. 1376ರಲ್ಲಿ ಶುರುವಾದ ಈ ಬೌದ್ಧ ದೇವಾಲಯ ಸಮುದ್ರದ ಬಂಡೆಗಳ ಮೇಲೇ ಕೂತಿದೆ. 108 ಮೆಟ್ಟಿಲು ಇಳಿದು ಹೋಗಬೇಕು. ಗ್ವಾಂಗಲ್ಲಿ ಬೀಚಿಗೆ ಸಂಜೆ ಹೋದರೆ ಎದುರಿನ ಸೇತುವೆಯ ದೀಪ ಹತ್ತುವುದನ್ನೂ ನೋಡಬಹುದು. ಗಮ್‌ಚೊನ್ ಅನ್ನುವ ಬಣ್ಣಬಣ್ಣದ ಗುಡ್ಡದ ಊರಿಗೆ 1ನೇ ಲೈನಿನ ತೊಸೊಂಗ್ ನಿಲ್ದಾಣದಿಂದ ಪುಟ್ಟ ಬಸ್ ಇದೆ. ಅಲ್ಲಿ ಜನ ವಾಸ ಇದ್ದಾರೆ, ಕಿಟಕಿಯೊಳಗೆ ಕ್ಯಾಮೆರಾ ತೂರಿಸಬೇಡಿ.

ಮೀನು ತಿನ್ನುವವರು ಜಗಲ್ಚಿ ಮೀನು ಮಾರ್ಕೆಟ್ ಬಿಡಬಾರದು. ಕೆಳಗೆ ತೊಟ್ಟಿಯಲ್ಲಿ ಈಜುವ ಮೀನನ್ನು ತೋರಿಸಿ ಕೊಂಡರೆ, ಮೇಲಿನ ಮಹಡಿಯಲ್ಲಿ ಊಟಕ್ಕೆ ಹಾಕಿಕೊಡುತ್ತಾರೆ. ಮೀನಿನ ರೇಟು ಬೇರೆ, ಮೇಲೆ ಕೂರುವುದಕ್ಕೆ ತಲೆಗಿಷ್ಟು ಬೇರೆ. ಕೊಳ್ಳುವ ಮೊದಲೇ ಎರಡನ್ನೂ ಕೇಳಿ. ಹಂದಿ ಮಾಂಸ ತಿನ್ನುವವರಿಗೆ ಸೊಮ್ಯೊನ್ ಮಾರ್ಕೆಟ್ಟಿನ ಗಲ್ಲಿಯಲ್ಲಿ 'ದ್ವೇಜಿ ಗುಕ್‌ಬಾಪ್', ಅಂದರೆ ಬಿಸಿ ಸಾರಿನಲ್ಲಿ ಅನ್ನ. ಉಪ್ಪು ನೀವೇ ಹಾಕಿಕೊಳ್ಳಬೇಕು. ಅದಕ್ಕೆಂದು ಉಪ್ಪಿನಲ್ಲಿ ಹಾಕಿದ ಸಣ್ಣ ಸಿಗಡಿ ಇಟ್ಟಿರುತ್ತಾರೆ.

ಸಸ್ಯಾಹಾರಿಗಳು ಹುಷಾರು. ಊಟದ ಜೊತೆ ಕೊಡುವ ಕಿಮ್ಚಿ ಅನ್ನುವ ತರಕಾರಿ ಉಪ್ಪಿನಕಾಯಿಯಲ್ಲೂ ಮೀನಿನ ರಸವೋ ಸಿಗಡಿಯೋ ಇರುವುದೇ ಹೆಚ್ಚು. ಬೀದಿಯಲ್ಲಿ ಕಡ್ಡಿಗೆ ಚುಚ್ಚಿಟ್ಟ, ಮಡಿಸಿದ ದೋಸೆಯಂತೆ ಕಾಣುವ 'ಒಮುಕ್' ಮೀನಿನಿಂದಲೇ ಮಾಡಿದ್ದು. ತರಕಾರಿ ಹಾಕಿ ಕಲಸಿ ತಿನ್ನುವ ಅನ್ನ ಬಿಬಿಂಬಾಪ್ ಹೇಳುವಾಗ 'ಗೋಗಿ ಪೇ ಜುಸೆಯೋ' ಅನ್ನಿ, ಮಾಂಸ ಬಿಟ್ಟು ಕೊಡುತ್ತಾರೆ. ಬೌದ್ಧ ದೇವಾಲಯದ ಅಡುಗೆ ಸಿಕ್ಕರೆ ಇನ್ನೂ ಒಳ್ಳೆಯದು, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ.

ನನಗೆ ಈಗಲೂ ನೆನಪಾಗುವುದು ಬುಸಾನ್ ಸಿನಿಮಾ ಉತ್ಸವದ ಹೆಸರಿನ ಬಿಫ್ ಚೌಕದ 'ಸ್ಸಿಯತ್ ಹೊತ್ತೊಕ್'. ಹಿಟ್ಟಿನೊಳಗೆ ಸಕ್ಕರೆ ತುಂಬಿ, ತಟ್ಟಿ, ಕಾವಲಿ ತುಂಬ ಎಣ್ಣೆಯಲ್ಲಿ ತೇಲಿಸುತ್ತಾರೆ. ಎತ್ತಿ, ಕತ್ತರಿಯಿಂದ ಅಂಚು ಸೀಳಿ, ಸೂರ್ಯಕಾಂತಿ, ಕುಂಬಳ ಬೀಜಗಳನ್ನು ಚಮಚದಿಂದ ಒಳಗೆ ಸುರಿದು ಕಾಗದದ ಲೋಟಕ್ಕೆ ಇಳಿಸುತ್ತಾರೆ. ಹೋಳಿಗೆಯ ದೂರದ ನೆಂಟ. ಅವಸರ ಮಾಡಿದರೆ ಪಾಕ ನಾಲಿಗೆ ಸುಡುತ್ತದೆ.

'ಜಿಮ್‌ಜಿಲ್‌ಬಾಂಗ್', ಅಂದರೆ ಬಿಸಿ ಕೋಣೆಯ ಸ್ನಾನದ ಮನೆಗೆ ಹೋಗುವ ಆಸೆಯಿದ್ದರೆ ಅದನ್ನೂ ಈಗಲೇ ತೀರಿಸಿಕೊಳ್ಳಿ. ಚಿಕಿತ್ಸೆ ಆದ ಮೇಲೆ ಡಾಕ್ಟರು ಬಿಡುವುದಿಲ್ಲ.

4. ಐದನೇ ದಿನ: ಚಿಕಿತ್ಸೆ

ಏನು ಹಾಕಿದರು, ಯಾವ ಯಂತ್ರ, ಯಾವ ಔಷಧಿ, ಎಷ್ಟು, ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಊರಿಗೆ ಬಂದ ಮೇಲೆ ಏನಾದರೂ ಆದರೆ ಇಲ್ಲಿನ ಡಾಕ್ಟರಿಗೆ ತೋರಿಸಲು ಆ ಚೀಟಿ ಬೇಕು.

5. ಆಮೇಲಿನ ದಿನಗಳು: ನೆರಳು ಮತ್ತು ಗಂಜಿ

ಹೊಲಿಗೆ ಹಾಕಿಸಿಕೊಂಡಿದ್ದರೆ ಬಿಚ್ಚಲು ಒಂದು ವಾರದ ಆಸುಪಾಸು ಬೇಕು. ವಿಮಾನದ ಟಿಕೆಟ್ ಅದಕ್ಕೂ ಎರಡು ದಿನ ಆಚೆಗಿರಲಿ. ಬರೀ ಲೇಸರ್ ಆದರೂ ಒಂದು ಸಲ ತೋರಿಸಿಕೊಂಡೇ ಹೊರಡಿ. ಊಟಕ್ಕೆ 'ಹೋಬಕ್‌ಜುಕ್', ಅಂದರೆ ಸಿಹಿಗುಂಬಳದ ಗಂಜಿ. ಕುಂಬಳ ಬಾವು ಇಳಿಸುತ್ತದೆ ಅಂತ ಕೊರಿಯನ್ನರ ನಂಬಿಕೆ. ಇಳಿಸುತ್ತದೋ ಇಲ್ಲವೋ, ಅಗಿಯುವ ಕಷ್ಟವಂತೂ ಇಲ್ಲ.

ಕೋಣೆಯಲ್ಲಿ ಕೂತು ಬೇಜಾರಾದರೆ 2ನೇ ಲೈನಿನಲ್ಲಿ ಸಸಾಂಗ್‌ವರೆಗೆ ಹೋಗಿ, ಅಲ್ಲಿಂದ ಲೈಟ್ ರೈಲು ಹತ್ತಿ ಪಕ್ಕದ ಗಿಮ್ಹೆ ಊರಿಗೆ ಹೋಗಿ ಬನ್ನಿ. 'ಅಯುತ' ದೇಶದಿಂದ ಹಡಗಿನಲ್ಲಿ ಬಂದು ಇಲ್ಲಿನ ಹಳೆಯ ಕಾಲದ ಸುರೋ ರಾಜನನ್ನು ಮದುವೆಯಾದಳು ಅನ್ನುವ ಹೊ ರಾಣಿಯ ಸಮಾಧಿ ಅಲ್ಲಿದೆ. ಅಯುತ ಅಂದರೆ ನಮ್ಮ ಅಯೋಧ್ಯೆ ಅನ್ನುವವರು ಎರಡೂ ದೇಶಗಳಲ್ಲಿದ್ದಾರೆ. ಸಮಾಧಿಯ ಹತ್ತಿರವೇ ಒಂದು ಸಣ್ಣ ಕಲ್ಲಿನ ಗೋಪುರ. ಅಲೆ ಅಡಗಿಸಲು ಆಕೆ ಹಡಗಿನಲ್ಲಿ ತಂದ ಕಲ್ಲುಗಳು ಇವು ಅಂತಾರೆ. ದೊಡ್ಡ ಟೋಪಿ ಹಾಕಿಕೊಂಡು, ಸನ್‌ಸ್ಕ್ರೀನ್ ಬಳಿದುಕೊಂಡು ಹೋಗಿ. ಮುಖ ಇನ್ನೂ ಊದಿದ್ದರೆ ಫೋಟೊ ಗೋಪುರದ್ದಷ್ಟೇ ತೆಗೆದರಾಯಿತು.